ಬೀಗರು ಅಂದರೆ ಮೂರಕ್ಷರ

ಮನೆಗೆ ಬಂದವರನ್ನು ಎರಡು ದಿನ ಇರಿಸಿಕೊಳ್ಳಲು ಸರ್ಕಾರದ ಪರವಾನಗಿ ಬೇಕು ಎಂದು ನನ್ನ ಸೋದರತ್ತೆಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮೊದಲ ದಿನ ಆಕೆ ನಂಬಲೇ ಇಲ್ಲ. ಎರಡನೆಯ ದಿನ ನಂಬಿದಳು, ಆದರೆ ತಪ್ಪು ನನ್ನದೇ ಎಂದು ತೀರ್ಮಾನ ಮಾಡಿದಳು.

"ನೀನೇ ಏನರ ಬರ್ದು ಕೊಟ್ಟಿರಬೇಕು. ಇಲ್ಲಿಕ್ಕಂದ್ರ ನಮ್ಮನ್ಯಾಗ ಯಾರ್ ಉಂಡ್ರು, ಯಾರ್ ಮಲಗಿದ್ರು ಅಂತ ಸರ್ಕಾರಕ್ಕ ಹ್ಯಾಂಗ ಗೊತ್ತಾಗ್ತದ?" ಎಂದಳು.

ಆ ಮಾತು ಅರ್ಧ ತಪ್ಪು. ಉಳಿದರ್ಧ ನಿಜವಾಗಿದ್ದದ್ದು ಗೊತ್ತಾಗಲು ಒಂದು ತಿಂಗಳು ಬೇಕಾಯಿತು.

ನಾನು ಬರೆದು ಕೊಡುವವನೇ. ಶಹಾಪುರದಲ್ಲಿ ತಹಶೀಲ್ದಾರ್ ಕಚೇರಿಯ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಝೆರಾಕ್ಸ್ ಎಂಬುದು ಬೋರ್ಡಿಗೆ, ಅಸಲಿ ದಂಧೆ ಅರ್ಜಿ ಬರೆಯುವುದು. ಹುಟ್ಟಿದ್ದಕ್ಕೆ, ಸತ್ತದ್ದಕ್ಕೆ, ಪಹಣಿಯಲ್ಲಿ ಅಪ್ಪನ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋದದ್ದಕ್ಕೆ, ಎಲ್ಲಕ್ಕೂ ಬರೆಯುತ್ತೇನೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿವೆ. ದೀರ್ಘ ಎಳೆಯುವಾಗ ಮಾತ್ರ ಅದರ ಬಾಲ ಪಕ್ಕದ ಅಕ್ಷರದ ಮೇಲೆ ಹೋಗಿ ಕೂಡುತ್ತದೆ. ಕಚೇರಿಯ ಗುಮಾಸ್ತರು ಆ ಬಾಲ ನೋಡಿಯೇ ಇದು ಯಾರ ಅಂಗಡಿಯ ಅರ್ಜಿ ಎಂದು ಗುರುತು ಹಿಡಿಯುತ್ತಾರೆ. ಇನ್ನು, ಸರ್ಕಾರವನ್ನು ಬೈಯುವುದು ನನ್ನ ದಂಧೆಯದೇ ಒಂದು ಭಾಗ. ಅರ್ಜಿ ತಿರುಗಿ ಬಂತೆಂದರೆ ಗಿರಾಕಿಯ ಎದುರು ನಾನು ಮೊದಲು ಸರ್ಕಾರವನ್ನು ಬೈದುಬಿಡಬೇಕು. ತಡ ಮಾಡಿದರೆ ಅವನು ನನ್ನನ್ನು ಬೈಯುತ್ತಾನೆ.

ಅತ್ತೆ ನನ್ನ ಅಪ್ಪನ ತಂಗಿ. ಆಕೆಯನ್ನು ಸುರಪುರಕ್ಕೆ ಕೊಟ್ಟಿದ್ದರು. ಲಗ್ನವಾದ ಮೂರನೆಯ ವರ್ಷ ನಾಗರಪಂಚಮಿಗೆಂದು ತವರಿಗೆ ಬಂದಳು. ಪಂಚಮಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಾರೆ, ಉಂಡಿ ತಿನ್ನುತ್ತಾರೆ, ಅವ್ವನ ಹತ್ತಿರ ಕೂತು ಅಳುತ್ತಾರೆ, ಆಮೇಲೆ ಅಳ್ಳಿನ ಗಂಟು ಕಟ್ಟಿಕೊಂಡು ಗಂಡನ ಮನೆಗೆ ಹೋಗುತ್ತಾರೆ. ಅತ್ತೆ ಮೊದಲಿನ ಮೂರೂ ಮಾಡಿದಳು, ನಾಲ್ಕನೆಯದನ್ನು ಮಾಡಲಿಲ್ಲ. ಸುರಪುರದಲ್ಲಿ ಆಕೆಯ ಗಂಡನಿಗೆ ಇನ್ನೊಂದು ಸಂಸಾರವಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಸುದ್ದಿ, ನಮ್ಮ ಮನೆಗೆ ತಲುಪಿದ್ದು ಮಾತ್ರ ಆ ಪಂಚಮಿಗೆ. ಅಜ್ಜ ಏನೂ ಕೇಳಲಿಲ್ಲ. ಹಬ್ಬ ಮುಗಿದು ಬೇವಿನ ಗಿಡದಿಂದ ಜೋಕಾಲಿ ಹಗ್ಗ ಬಿಚ್ಚಲು ಹೋದ ಅಪ್ಪನಿಗೆ, "ಇರ್ಲಿ ಬಿಡು, ಬರೋ ವರ್ಷಕ್ಕ ಬೇಕಾಗ್ತದ" ಎಂದಷ್ಟೇ ಅಂದ. ನನಗಾಗ ಹತ್ತು ವರ್ಷ. ವರ್ಷವಿಡೀ ಜೋಕಾಲಿ ಸಿಕ್ಕಿತೆಂದು ನಾನು ಖುಷಿಪಟ್ಟೆ.

ಅವತ್ತಿನಿಂದ ಓಣಿಯಲ್ಲಿ ಆಕೆಗೆ ಒಂದೇ ಹೆಸರು. ಪಂಚಮಿಗೆ ಬಂದಾಕಿ. ಈಗಲೂ ನಳದ ಹತ್ತಿರ ಯಾರಾದರೊಬ್ಬರು, "ಏನಬೇ, ಪಂಚಮಿ ಮುಗೀಲಿಲ್ಲೇನು ಇನ್ನಾ?" ಎಂದು ಕೇಳುತ್ತಾರೆ. ಅತ್ತೆ ಕೊಡ ಎತ್ತಿಕೊಳ್ಳುತ್ತಾ, "ಉಂಡಿ ಉಳದಾವ ಬೇ, ತಿಂದು ಹೋಗ್ತೀನಿ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ.

ಅಜ್ಜ ಸಾಯುವ ಮೊದಲು ಒಂದು ಶಾಣ್ಯಾತನದ ಕೆಲಸ ಮಾಡಿದ. ಮನೆಯ ಮೇಲಿನ ಭಾಗವನ್ನು ಅತ್ತೆಯ ಹೆಸರಿಗೆ ರಿಜಿಸ್ಟರ್ ಮಾಡಿಸಿದ. ಆಗ ಮೇಲೆ ಇದ್ದದ್ದು ಬರೀ ಮಾಳಿಗೆ, ಅದರ ಮೇಲೊಂದಿಷ್ಟು ಮೆಣಸಿನಕಾಯಿ. ಅತ್ತೆ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಬಡಿದು ಅಲ್ಲಿ ಮೂರು ಖೋಲಿ ಎಬ್ಬಿಸಿದಳು. ಒಂದರಲ್ಲಿ ಆಕೆ, ಎರಡು ಖಾಲಿ. ಕೆಳಗೆ ನಾನು ಮತ್ತು ನನ್ನ ಹೆಂಡತಿ.

ಖಾಲಿ ಖೋಲಿಗೆ ಮೊದಲು ಬಂದವರು ಶಿರವಾಳದ ಹಳೆಯ ಗುಡಿಗಳನ್ನು ಅಳೆಯಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು. ಲಗ್ನದ ಹಂಗಾಮು, ಲಾಡ್ಜುಗಳೆಲ್ಲ ಭರ್ತಿ. ಝೆರಾಕ್ಸಿಗೆ ಬಂದವರು ಹಾಗೇ ನಿಂತಿದ್ದರು, ಮನೆಗೆ ಕರೆದುಕೊಂಡು ಬಂದೆ. ಮೂರು ದಿನ ಉಂಡರು, ಮಲಗಿದರು. ಹೋಗುವಾಗ ಬಾಡಿಗೆ ಎಷ್ಟು ಎಂದು ಕೇಳಿದ್ದಕ್ಕೆ ಅತ್ತೆಗೆ ಸಿಟ್ಟು ಬಂತು. "ಬೀಗರ ಕಡಿಂದ ಬಾಡಗಿ ಇಸ್ಕೋತಾರೇನು?" ಎಂದಳು. ಜಾಣ ಹುಡುಗಿಯರು, ಹಾಸಿಗೆಯ ಕೆಳಗೆ ಇಟ್ಟು ಹೋದರು. ಅದನ್ನು ಅತ್ತೆ ಇಟ್ಟುಕೊಂಡಳು. ಈಗಲೂ ಆಕೆಯ ಬಾಯಲ್ಲಿ ಬಾಡಿಗೆ ಎಂಬ ಶಬ್ದವಿಲ್ಲ, "ಹಾಸಿಗಿ ಬುಡಕಿಂದು" ಅನ್ನುತ್ತಾಳೆ.

ಬೀಗರು ಎಂದರೆ ಹೆಣ್ಣು ಕೊಟ್ಟು ತಂದವರು ಎಂದು ದಕ್ಷಿಣದವರು ತಿಳಿದಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು, ಒಂದು ತಂಬಿಗೆ ನೀರು ಕುಡಿದು, ಊಟ ಮಾಡಿ, ನಾಳೆ ಹೋಗುವವರೆಲ್ಲ ಬೀಗರೇ. ನಾಳೆ ಹೋಗುವವರು ಎಂಬುದು ಇದರಲ್ಲಿ ಮುಖ್ಯ.

ಆ ಹುಡುಗಿಯರು ಫೋನಿನ ನಕಾಶೆಯಲ್ಲಿ ನಮ್ಮ ಮನೆಯ ಮೇಲೆ "ಅತ್ತೆ ಮನೆ" ಎಂದು ಚುಕ್ಕೆ ಇಟ್ಟುಬಿಟ್ಟರು. ಆಮೇಲೆ ಜನ ಬರಲು ಶುರುವಾಯಿತು. ಗುಡಿ ನೋಡುವವರು, ಕೋಟೆ ಹತ್ತುವವರು, ಪಕ್ಷಿ ನೋಡಲು ಹತ್ತಿಕುಣಿ ಕೆರೆಗೆ ಹೋಗುವವರು. ಎಲ್ಲರಿಗಿಂತ ಹೆಚ್ಚಾಗಿ, ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮ ಗುಡ್ಡವನ್ನು ನೋಡಲು ಬರುವವರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ನಾವು ಊರವರು ಆ ಗುಡ್ಡದ ಕಡೆ ಮಳೆ ಬರುತ್ತದೋ ಇಲ್ಲವೋ ನೋಡಲಷ್ಟೇ ಮುಖ ಎತ್ತುತ್ತಿದ್ದೆವು. ನಮ್ಮ ಮಾಳಿಗೆಯಿಂದ ಬುದ್ಧನ ಹಣೆ, ಮೂಗು, ಎದೆ, ಹೊಟ್ಟೆ ಚೆನ್ನಾಗಿ ಕಾಣುತ್ತವೆ. ಕಾಲು ಮಾತ್ರ ಪಕ್ಕದ ಮನೆಯ ನಿವೃತ್ತ ಮಾಸ್ತರರ ನೀರಿನ ಟಾಕಿಯ ಹಿಂದೆ ಹೋಗುತ್ತವೆ. ಮಾಸ್ತರರು ದಿನಾ ಬೆಳಿಗ್ಗೆ ಆ ಟಾಕಿಯ ಮಗ್ಗುಲಲ್ಲಿ, ಬಯಲಲ್ಲೇ, ಒಂದು ಟವೆಲ್ ಸುತ್ತಿಕೊಂಡು ಜಳಕ ಮಾಡುತ್ತಾರೆ. ಹೀಗಾಗಿ ನಮ್ಮ ಬೀಗರು ತೆಗೆದ ಎಷ್ಟೋ ಫೋಟೋಗಳಲ್ಲಿ ಬುದ್ಧನ ಪಾದದ ಹತ್ತಿರ ಮಾಸ್ತರರು ನಿಂತಿರುತ್ತಾರೆ.

ಹೀಗೆ ಜನ ಬಂದ ಎರಡು ವರ್ಷ ಅತ್ತೆ ಇದ್ದ ರೀತಿಯೇ ಬೇರೆ. ಮೆಟ್ಟಿಲ ಮೇಲೆ ನಿಂತು ಬಂದವರಿಗೆ "ಬರ್ರಿ, ಒಳಗ ಬರ್ರಿ, ನಮ್ಮನಿ ಅದ" ಎನ್ನುವಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ತನ್ನ ನಿಯಮಗಳನ್ನು ನನ್ನ ಕೈಯಿಂದ ಬರೆಸಿ ಗೋಡೆಗೆ ಅಂಟಿಸಿದ್ದಳು. ತಾಟಿನಲ್ಲಿ ರೊಟ್ಟಿ ಬಿಡಬಾರದು. ಪುಂಡಿಪಲ್ಯ ಹುಳಿ ಎನ್ನಬಾರದು, ಅದು ಹುಳಿಯೇ ಇರುತ್ತದೆ. ಗಂಡ ಹೆಂಡತಿ ಜಗಳವಾಡುವುದಿದ್ದರೆ ಗುಡ್ಡಕ್ಕೆ ಹೋಗಬೇಕು. ಬುದ್ಧ ಕಾಣದಿದ್ದರೆ ನಮ್ಮನ್ನು ಕೇಳಬಾರದು, ಇನ್ನೊಮ್ಮೆ ನೋಡಬೇಕು.

ಆಮೇಲೆ ಕಚೇರಿಯಿಂದ ನೋಟಿಸ್ ಬಂತು. ಮಾಸ್ತರರು ದೂರು ಕೊಟ್ಟಿದ್ದರು. ಅದನ್ನೂ ನನ್ನ ಅಂಗಡಿಯಲ್ಲಿ ಬರೆಸದೆ, ತಾವೇ ಎರಡು ಪುಟ ಶುದ್ಧ ಗ್ರಂಥಭಾಷೆಯಲ್ಲಿ ಬರೆದಿದ್ದರು. "ಅಪರಿಚಿತರು ನನ್ನ ಸ್ನಾನವನ್ನು ಸೆರೆಹಿಡಿಯುತ್ತಿದ್ದಾರೆ" ಎಂಬ ವಾಕ್ಯ ಓದಿ ಗುಮಾಸ್ತರೇ ನಕ್ಕರಂತೆ. ನಕ್ಕರೂ ನೋಟಿಸ್ ತಪ್ಪಲಿಲ್ಲ. ಪರವಾನಗಿ ಸಿಗುವವರೆಗೆ ಯಾರನ್ನೂ ಇಟ್ಟುಕೊಳ್ಳಬಾರದು ಎಂದಿತ್ತು.

ಅರ್ಜಿಯ ಜೊತೆ ನಿಯಮಗಳ ಹಾಳೆ ಕೊಟ್ಟರು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇಡಬೇಕು. ನೆರೆಯವರ ತಕರಾರಿಲ್ಲ ಎಂಬ ಪತ್ರ ಬೇಕು. ಬಂದವರ ಗುರುತಿನ ಚೀಟಿಯ ನಕಲು ತೆಗೆದಿಡಬೇಕು, ಎರಡೂ ಬದಿ. ರಿಜಿಸ್ಟರ್ ಇಟ್ಟು ಅದರಲ್ಲಿ ಹೆಸರು, ಎಲ್ಲಿಂದ ಬಂದರು, ಯಾಕೆ ಬಂದರು, ಹೋಗುವ ದಿನ, ಎಲ್ಲ ಬರೆಯಬೇಕು. ಕೊನೆಯ ಸಾಲಿನಲ್ಲಿ, ಮನೆಯ ಮಾಲೀಕರು ಅದೇ ಮನೆಯಲ್ಲಿ ಕಾಯಂ ವಾಸವಿರಬೇಕು ಎಂದಿತ್ತು. ಎಲ್ಲಕ್ಕಿಂತ ಸುಲಭದ್ದು ಇದು ಎಂದುಕೊಂಡು ನಾನು ಆ ಸಾಲನ್ನು ಎರಡನೇ ಸಲ ಓದಲೇ ಇಲ್ಲ.

ಅತ್ತೆ ಸಿಲಿಂಡರ್ ತರಿಸಿ ಅದಕ್ಕೆ ಕುಂಕುಮ ಹಚ್ಚಿದಳು. ರಿಜಿಸ್ಟರ್ ತಂದು ಒಂದೊಂದೇ ಕಾಲಂ ಬೆರಳಿಟ್ಟು ಓದಿದಳು. ಆಕೆ ನಾಲ್ಕನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ.

"ಯಾಕ ಬಂದ್ರು ಅನ್ನೋದ್ರಾಗ ಸುಮ್ನ ಬಂದೀವಿ ಅಂತ ಬರದ್ರ ನಡೀತದೇನು?" ಎಂದು ಕೇಳಿದಳು.

"ಸುಮ್ನ ಯಾರ್ ಬರ್ತಾರ ಅತ್ತಿ, ಶಹಾಪುರಕ್ಕ?"

"ಯಾಕ, ನಾ ಬಂದಿದ್ನಲ್ಲ," ಎಂದಳು.

ಶಹಾಪುರದಲ್ಲಿ ಕೊಟ್ಟ ಅರ್ಜಿ ಯಾದಗಿರಿಯ ಜಿಲ್ಲಾ ಕಚೇರಿಗೆ ಹೋಯಿತು. ಇಪ್ಪತ್ತು ದಿನಕ್ಕೆ ತಿರುಗಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಬೈಯಲು ಬಾಯಿ ತೆರೆದವನು, ಷರಾ ಓದಿ ಮುಚ್ಚಿಕೊಂಡೆ. "ಮಾಲೀಕರು ಸದರಿ ಮನೆಯಲ್ಲಿ ವಾಸವಿರುವ ಬಗ್ಗೆ ಪುರಾವೆ ಇಲ್ಲ. ದಾಖಲೆಗಳ ಪ್ರಕಾರ ವಾಸ ಸುರಪುರ."

ಅದು ಖರೇ. ನಮ್ಮ ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರಿರಲಿಲ್ಲ. ಅದಿಲ್ಲದ್ದಕ್ಕೆ ಮುಂದಿನ ಯಾವ ಕಾಗದದಲ್ಲೂ ನಮ್ಮ ಮನೆಯ ವಿಳಾಸ ಬರಲಿಲ್ಲ. ಎಲ್ಲದರಲ್ಲೂ ಸುರಪುರದ ಗಂಡನ ಮನೆಯೇ. ಪ್ರತಿ ಇಲೆಕ್ಷನ್ನಿಗೆ ಅತ್ತೆ ಬಸ್ ಹತ್ತಿ ಸುರಪುರಕ್ಕೆ ಹೋಗಿ ವೋಟು ಹಾಕಿ ಬರುತ್ತಿದ್ದಳು. ನಾವು ಮನೆಯವರು ಅದಕ್ಕೂ ನಗುತ್ತಿದ್ದೆವು. ಗಂಡನನ್ನು ನೋಡಲು ಐದು ವರ್ಷಕ್ಕೊಮ್ಮೆ ಹೋಗುತ್ತಾಳೆ ಎಂದು ನನ್ನ ಅಪ್ಪ ಚಾಷ್ಟಿ ಮಾಡುತ್ತಿದ್ದ. ಹಿಂದೆ ಎರಡು ಮೂರು ಸಲ ಆಕೆ, "ನನ್ನ ಹೆಸರು ಕಾರ್ಡಿನ್ಯಾಗ ಯಾಕ ಬಂದಿಲ್ಲೋ ತಮ್ಮಾ?" ಎಂದು ಕೇಳಿದ್ದಳು. ನಾನು ಗಿರಾಕಿಗಳಿಗೆ ಹೇಳುವ ಜವಾಬನ್ನೇ ಆಕೆಗೂ ಹೇಳಿದ್ದೆ. "ಸರ್ಕಾರದವ್ರು ಬಿಟ್ಟಾರ ಅತ್ತಿ. ಅವರ ಹೆಣಾ ಎತ್ಲಿ, ಯಾವ ಕೆಲಸ ಬರೋಬ್ಬರಿ ಮಾಡ್ಯಾರ?"

ಷರಾ ಬಂದ ಮೇಲೆ ಮಾಳಿಗೆ ಖಾಲಿ ಉಳಿಯಿತು. ಫೋನು ಬರುತ್ತಿತ್ತು, ಅತ್ತೆ "ಸದ್ಯಕ್ಕ ಇಲ್ರಿ" ಎಂದು ಇಡುತ್ತಿದ್ದಳು. ಒಂದು ದಿನ ಊಟದ ಹೊತ್ತಿಗೆ ಕೆಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾ ಇಲ್ಲೇ ಉಣ್ಲೇನವಾ?" ಎಂದು ನನ್ನ ಹೆಂಡತಿಯನ್ನು ಕೇಳಿದಳು. ಆ ಅಡುಗೆಮನೆಯ ಒಲೆಯನ್ನು ಕಟ್ಟಿಸಿದವಳೇ ಆಕೆ. ನನ್ನ ಹೆಂಡತಿ ಸೌಟು ಬಿಟ್ಟು ತಾಟು ತೆಗೆದಿಟ್ಟಳು.

"ಹಂಗ್ಯಾಕ ಕೇಳ್ತೀ ಅತ್ತಿ?" ಎಂದೆ.

"ಬಂದವರಿಗಿ ನಾನು ಬರ್ರಿ ಅಂತಿದ್ದೆ, ಅವರು ಹೋಗಾಗ ಹೋಗಿ ಬರ್ತೀವಿ ಅಂತಿದ್ರು. ಅಷ್ಟ ಆದ್ರ ಮನಿ ನಂದು ಅನ್ನಿಸ್ತಿತ್ತು. ಈಗ ಖೋಲಿ ಬಂದಾದ್ರ ನಾ ಮತ್ತ ಪಂಚಮಿಗಿ ಬಂದಾಕೀನೇ ನೋಡು."

ನಗುತ್ತಲೇ ಹೇಳಿದಳು. ಆದರೆ ಅವತ್ತು ಯಾರೂ ನಗಲಿಲ್ಲ. ಮೂವತ್ತು ವರ್ಷ ಆ ಚಾಷ್ಟಿಗೆ ಆಕೆಯೂ ನಕ್ಕಿದ್ದಳಲ್ಲ, ಅದು ಸುಳ್ಳು ನಗೆ ಎಂದು ನನಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಅತ್ತೆ ಇಸ್ತ್ರಿ ಸೀರೆ ಉಟ್ಟು ನನ್ನ ಅಂಗಡಿಗೆ ಬಂದಳು.

"ನಡಿ ಕಚೇರಿಗಿ. ಕಾರ್ಡಿಗಿ ಮನಿ ಮನಿಗಿ ಫಾರಂ ಕೊಟ್ಟು ತುಂಬ್ಸಿಕೊಂಡು ಹೋಗಿದ್ರಲ್ಲ, ಆ ಹಳೇ ಫಾರಂ ತೆಗಸೋಣು. ಸರ್ಕಾರದವ್ರು ತಪ್ಪು ಮಾಡ್ಯಾರ ಅಂತ ನೀನೇ ಹೇಳಿದಿ. ಅವರ ತಪ್ಪು ಅವರಿಗೇ ತೋರ್ಸಿದ್ರ ಮುಗೀತಲ್ಲ."

ನಾನು ಮಶೀನಿನ ಮುಚ್ಚಳ ಸುಮ್ಮಸುಮ್ಮನೆ ಎತ್ತಿ ಮುಚ್ಚಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಆ ಫಾರಂ ತುಂಬಿದವನು ಯಾರು ಎಂಬುದು ನನಗೆ ಮಸುಕುಮಸುಕಾಗಿ ನೆನಪಾಗತೊಡಗಿತ್ತು. "ಅದೆಲ್ಲಾ ಇಪ್ಪತ್ತು ವರ್ಷದ ಹಿಂದಿಂದು ಅತ್ತಿ, ಇಲಿ ತಿಂದಿರ್ತಾವ" ಎಂದೆ. "ನಮ್ಮ ನಸೀಬಕ್ಕ ಬಿಟ್ಟಿರ್ತಾವ, ನಡಿ" ಎಂದಳು.

ಗುಮಾಸ್ತರು ಒಳ್ಳೆಯವರು. ಗುರುಮಠಕಲ್ ಕಡೆಯವರಾದ್ದರಿಂದ ಮಾತಿನ ತುದಿಗೆ, ಅಲ್ಲವೇ ಎನ್ನಲು, ತೆಲುಗಿನ "ಕದಾ" ಸೇರಿಸುತ್ತಾರೆ. ಅತ್ತೆಯನ್ನು ಕುರ್ಚಿಯಲ್ಲಿ ಕೂಡಿಸಿ, ದಾಖಲೆ ಖೋಲಿಗೆ ಹೋಗಿ, ಒಂದು ತಾಸಿನ ಮೇಲೆ ಮೈತುಂಬ ಧೂಳು ಮಾಡಿಕೊಂಡು ಒಂದು ಗಂಟು ತಂದರು. ಇಲಿ ತಿಂದಿರಲಿಲ್ಲ. ನಮ್ಮ ಮನೆಯ ಫಾರಂ ಹಾಗೇ ಇತ್ತು.

"ಸಿಕ್ತು ಕದಾ," ಎಂದು ಮೇಜಿನ ಮೇಲೆ ಬಿಡಿಸಿಟ್ಟರು. "ಅಮ್ಮಾರ ಹೆಸರು ಅದ ನೋಡ್ರಿ. ಆದ್ರ ಯಜಮಾನರ ಜೊತಿ ಸಂಬಂಧ ಅನ್ನೋ ಕಾಲಂದಾಗ ಬ್ಯಾರೆ ಬರದಾರ. ಅದಕ್ಕ ಇವ್ರು ಮನಿಯವರಲ್ಲ ಅಂತ ಕೆಂಪು ಶಾಯಿಲೆ ಹೊಡದು ಹಾಕ್ಯಾರ."

ಅತ್ತೆ ಕಾಗದದ ಮೇಲೆ ಬಾಗಿದಳು. ಬೆರಳಿಟ್ಟು ಓದಿದಳು. "ಬೀ. ಗ. ರು."

ಬೀ ಅಕ್ಷರದ ದೀರ್ಘದ ಬಾಲ ಪಕ್ಕದ ಗ ಅಕ್ಷರದ ಮೇಲೆ ಹೋಗಿ ಕೂತಿತ್ತು. ಗುಮಾಸ್ತರು ಅದನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ತಾವಾಗೇ ಕಿಟಕಿಯ ಕಡೆ ತಿರುಗಿದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಕಾಗದವನ್ನೇ ನೋಡುತ್ತಾ ಕೇಳಿದಳು.

"ಇದು ನಿನ್ನ ಅಕ್ಷರ ಅಲ್ಲೇನೋ?"

"ಹೌದು."

"ಯಾರ್ ಹೇಳಿದ್ರು ಹಿಂಗ್ ಬರಿ ಅಂತ? ನಿಮ್ಮಪ್ಪನಾ?"

ಹೌದು ಎಂದುಬಿಡಬಹುದಿತ್ತು. ಅಪ್ಪ ಸತ್ತು ಆರು ವರ್ಷವಾಗಿತ್ತು, ಎದ್ದು ಬಂದು ಇಲ್ಲ ಎನ್ನುತ್ತಿರಲಿಲ್ಲ. ಆದರೆ ಹಾಗೆ ಯಾರೂ ಹೇಳಿರಲಿಲ್ಲ. ಆಗಷ್ಟೇ ಅಂಗಡಿ ಇಟ್ಟಿದ್ದೆ, ಊರಲ್ಲಿ ನನ್ನಷ್ಟು ಶಾಣ್ಯಾ ಇನ್ನೊಬ್ಬನಿಲ್ಲ ಎಂಬ ಮದ. ಓಣಿಯವರ ಫಾರಂಗಳನ್ನೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ನಾನೇ ತುಂಬಿದ್ದೆ. ಅತ್ತೆಯ ಹೆಸರು ಬಂದಾಗ ಒಂದು ಗಳಿಗೆ ಪೆನ್ನು ನಿಂತಿತು. ಲಗ್ನವಾದ ಹೆಣ್ಣುಮಗಳು, ಎಂದಿದ್ದರೂ ಬೇರೆ ಮನೆಯವಳು, ಪಂಚಮಿಗೆ ಬಂದಾಕಿ. ಚಟ್ಟನೆ ಬರೆದು ಮುಂದಿನ ಮನೆಯ ಫಾರಂ ತೆಗೆದುಕೊಂಡೆ.

"ಯಾರೂ ಹೇಳಿಲ್ಲ," ಎಂದೆ. "ಜಾಗ ಸಣ್ಣದಿತ್ತು ಅತ್ತಿ. ಅದರಾಗ ಎಲ್ಲಾ ಹಿಡೀತಿರಲಿಲ್ಲ."

ಅತ್ತೆ ಎಡಗೈ ಬೆರಳುಗಳನ್ನು ಮಡಚಿದಳು, ಒಂದೊಂದೇ ಬಿಚ್ಚಿದಳು.

"ಬೀಗರು ಅಂದ್ರ ಮೂರಕ್ಷರ. ಅತ್ತಿ ಅಂದ್ರ ಎರಡೇ ಅಲ್ಲೇನೋ," ಎಂದಳು.

ಕಾಗದ ಮಡಚಿ ಗುಮಾಸ್ತರಿಗೆ ತಿರುಗಿ ಕೊಟ್ಟೆ. ಅಷ್ಟು ವರ್ಷ ಅಂಗಡಿಯಲ್ಲಿ ಕೂತು ಸರ್ಕಾರವನ್ನು ಬೈದಿದ್ದೆ. ಪಾಪ, ಈ ಒಂದು ಕೆಲಸವನ್ನು ಸರ್ಕಾರ ನಾನು ಬರೆದು ಕೊಟ್ಟಂತೆಯೇ ಚಾಚೂ ತಪ್ಪದೆ ಮಾಡಿತ್ತು.

ಮನೆಗೆ ನಡೆದುಕೊಂಡೇ ಬಂದೆವು. ಅತ್ತೆ ಮುಂದೆ, ನಾನು ಹಿಂದೆ. ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಳು. ಮುಂದಿನ ಆರು ದಿನ ನನ್ನ ಜೊತೆ ಮಾತಾಡಲಿಲ್ಲ. ರೊಟ್ಟಿ ಮಾತ್ರ ಬರುತ್ತಿದ್ದವು, ಲೆಕ್ಕದ ಪ್ರಕಾರ, ಬಿಸಿಬಿಸಿ. ಬೈದಿದ್ದರೆ ಛಲೋ ಇತ್ತು.

ದಾರಿ ತೋರಿಸಿದವರು ಗುಮಾಸ್ತರೇ. ಕಾಗದದಲ್ಲಿ ಇಲ್ಲದಿದ್ದರೆ ಮಂದಿ ಬಾಯಿಂದ ಹೇಳಿಸಬಹುದು, ಸ್ಥಳಕ್ಕೆ ಬಂದು ಐದು ಜನ ನೆರೆಯವರ ಎದುರು ಪಂಚನಾಮೆ ಮಾಡುತ್ತೇನೆ ಎಂದರು. ಪಂಚಮಿಗೆ ಬಂದಾಕಿಗೆ ಪಂಚನಾಮೆ ಎಂದು ಓಣಿಯಲ್ಲಿ ಸುದ್ದಿಯಾಗಿ ಐದರ ಬದಲು ಇಪ್ಪತ್ತು ಜನ ಸೇರಿದರು. ತೊಂದರೆಯೆಂದರೆ, ಐದು ಜನರಲ್ಲಿ ಪಕ್ಕದ ಮನೆಯವರು ಇರಲೇಬೇಕಿತ್ತು. ಅಂದರೆ ಮಾಸ್ತರರು.

ಮಾಸ್ತರರು ಇಸ್ತ್ರಿ ಅಂಗಿ ಹಾಕಿಕೊಂಡು, ಕೋರ್ಟಿಗೆ ಬಂದವರ ಹಾಗೆ ಬಂದು, ಬೇವಿನ ಗಿಡದ ಕೆಳಗೆ ನಿಂತರು. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ಗುಮಾಸ್ತರು ಮೊದಲ ಪ್ರಶ್ನೆಯನ್ನೇ ಅವರಿಗೆ ಕೇಳಿದರು.

"ಈ ಅಮ್ಮಾರು ಇದೇ ಮನ್ಯಾಗ ಕಾಯಂ ಇರ್ತಾರೇನ್ರಿ?"

"ಇಲ್ರಿ," ಎಂದರು ಮಾಸ್ತರರು. "ಆಕಿ ಇಲ್ಲಿ ಇರಾಕಿ ಅಲ್ಲ. ಪಂಚಮಿಗಿ ಬಂದಾಕಿ."

ಮುಗಿಯಿತು ಎಂದುಕೊಂಡೆ. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಗುಮಾಸ್ತರು ಪೆನ್ನು ಎತ್ತದೆ ಕೇಳಿದರು.

"ಯಾವ ವರ್ಷದ ಪಂಚಮಿಗಿ ಕದಾ?"

ಮಾಸ್ತರರು ಜೀವಮಾನವೆಲ್ಲ ಗಣಿತ ಕಲಿಸಿದವರು. ಲೆಕ್ಕ ಕೇಳಿದರೆ ಉತ್ತರ ಹೇಳದೆ ಇರುವುದು ಅವರಿಗೆ ಸಾಧ್ಯವಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. "ನಮ್ಮ ದೊಡ್ಡ ಮಗಳು ತೊಟ್ಟಲದಾಗ ಇದ್ಲು. ಈಕೀನೇ ಬಂದು ತೂಗ್ತಿದ್ಲು. ಮಗಳಿಗಿ ಈಗ ಮೂವತ್ತೊಂದು ತುಂಬ್ಯಾವ. ಅಂದ್ರ ಮೂವತ್ತೊಂದು ಪಂಚಮಿ ಆದ್ವು."

"ನಡಕ ಎಲ್ಲಿಗರ ಹೋಗಿದ್ರೇನು?"

"ಎಲ್ಲಿ ಹೋಗ್ತಾಳ್ರಿ? ವೋಟ್ ಹಾಕಾಕ ಸುರಪುರಕ್ಕ ಹೋಗ್ತಾಳ, ಹೊತ್ತು ಮುಳುಗೋದ್ರಾಗ ಬರ್ತಾಳ. ದಿನಾ ಮುಂಜಾನಿ ಐದಕ್ಕ ರೊಟ್ಟಿ ಬಡಿಯಾಕ ಕುಂದರ್ತಾಳ. ಧಪ್ ಧಪ್ ಧಪ್. ಮೂವತ್ತೊಂದು ವರ್ಷ ಆತು, ಒಂದ್ ದಿನ ಐದರ ಮ್ಯಾಲ ನಿದ್ದಿ ಮಾಡಿಲ್ಲ ನಾನು. ಬೇಕಂದ್ರ ಇದನ್ನೂ ತಕರಾರು ಅಂತ ಬರ್ಕೋರಿ."

"ಸಾಕ್ಷಿ ಅಂತ ಬರ್ಕೊಂಡೀನ್ರಿ," ಎಂದರು ಗುಮಾಸ್ತರು. "ಮೂವತ್ತೊಂದು ವರ್ಷ, ಒಂದು ದಿನ ತಪ್ಪದ ವಾಸ. ಇಲ್ಲಿ ಸಹಿ ಮಾಡ್ರಿ."

ಮಾಸ್ತರರಿಗೆ ತಾವು ಏನು ಹೇಳಿದೆವೆಂದು ಆಗ ಹೊಳೆಯಿತು. ಗಿಡದ ಕೆಳಗಿನ ಇಪ್ಪತ್ತು ಜನಕ್ಕೂ ಹೊಳೆಯಿತು. ಅವರು ಪೆನ್ನು ಹಿಡಿದು ಅತ್ತೆಯ ಕಡೆ ನೋಡಿದರು. ತೊಟ್ಟಿಲು ತೂಗಿದ್ದು ನೆನಪಾಗಿರಬೇಕು. "ನನ್ನ ಜಳಕದ್ದೊಂದು ಏನರ ಬಂದೋಬಸ್ತ್ ಮಾಡವಾ" ಎಂದು ಸಣ್ಣ ದನಿಯಲ್ಲಿ ಹೇಳಿ ಸಹಿ ಹಾಕಿದರು. ತಕರಾರಿಲ್ಲ ಎಂಬ ಪತ್ರಕ್ಕೂ ಹಾಕಿದರು. ಈಗ ಅತ್ತೆಯ ಕ್ಯಾಲೆಂಡರಿನಲ್ಲಿ ಒಂದು ನಿಯಮ ಹೆಚ್ಚಾಗಿದೆ. ಮಾಸ್ತರರ ಜಳಕ ಮುಗಿಯುವವರೆಗೆ ಯಾರೂ ಬುದ್ಧನನ್ನು ನೋಡಬಾರದು.

ಮಂದಿ ಕರಗಿದ ಮೇಲೆ ಗುಮಾಸ್ತರು ಅರ್ಜಿಯ ಕೊನೆಯ ಹಾಳೆ ತೆಗೆದರು. ಮನೆಯಲ್ಲಿ ವಾಸಿಸುವ ಇತರರು, ಮಾಲೀಕರ ಜೊತೆ ಅವರ ಸಂಬಂಧ. ಮಾಲೀಕರ ಜಾಗದಲ್ಲಿ ಅತ್ತೆಯ ಹೆಸರು ಬರೆದಾಗಿತ್ತು.

"ಬರಿ," ಎಂದಳು ಅತ್ತೆ. ಆರು ದಿನದ ಮೇಲೆ ನನಗೆ ಆಡಿದ ಮೊದಲ ಮಾತು.

ನನ್ನ ಹೆಂಡತಿಯ ಹೆಸರು ಬರೆದು ಎದುರಿಗೆ ಸೊಸೆ ಎಂದು ಬರೆದೆ. ನನ್ನ ಹೆಸರು ಬರೆದೆ. ಎದುರಿನ ಚೌಕದಲ್ಲಿ ಪೆನ್ನು ಇಡುವಷ್ಟರಲ್ಲಿ ಅತ್ತೆ ಅದರ ಮೇಲೆ ಬೆರಳಿಟ್ಟಳು.

"ಜಾಗ ಸಣ್ಣದದ. ಬೀಗರು ಅಂತ ಬರಿ."

"ಅಳಿಯ ಅಂದ್ರೂ ಮೂರಕ್ಷರನೇ, ಅತ್ತಿ," ಎಂದೆ.

"ಗೊತ್ತದ," ಎಂದಳು.

ಮಾಡಿದ್ದುಣ್ಣೋ ಮಹಾರಾಯ. ಬರೆದೆ. ದೀರ್ಘದ ಬಾಲ ಎಂದಿನಂತೆ ಗ ಅಕ್ಷರದ ಮೇಲೆ ಹೋಗಿ ಕೂತಿತು. ಗುಮಾಸ್ತರು ಓದಿ, ಮುಖದಲ್ಲಿ ನಗು ತೋರಿಸದೆ, "ಬೀಗರು ಅಂದ್ಮ್ಯಾಲ ರಿಜಿಸ್ಟರ್‌ನ್ಯಾಗ ಹತ್ತಿಸಬೇಕ್ರಿ. ಆಧಾರ್ ನಕಲೂ ಬೇಕಾಗ್ತದ ಕದಾ" ಎಂದರು.

"ಕೊಡ್ತಾನ," ಎಂದಳು ಅತ್ತೆ. "ಎರಡೂ ಬಾಜು."

ನಾನು ಅಂಗಡಿಗೆ ಹೋಗಿ, ಬಾಗಿಲು ತೆಗೆದು, ನನ್ನ ಆಧಾರ್ ಕಾರ್ಡನ್ನು ನನ್ನದೇ ಮಶೀನಿನಲ್ಲಿ ಇಟ್ಟು ನಕಲು ತೆಗೆದೆ. ಎರಡೂ ಬದಿ. ತಿರುಗಿ ಬರುವಷ್ಟರಲ್ಲಿ ಗುಮಾಸ್ತರು ಚಹಾ ಕುಡಿದು ಹೋಗಿದ್ದರು. ಅತ್ತೆ ಮೆಟ್ಟಿಲ ಮೇಲೆ ಹೊಸ ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೊದಲ ಸಾಲು ಆಗಲೇ ತುಂಬುತ್ತಿತ್ತು, ಆಕೆಯ ಕೈಯಲ್ಲೇ, ಒಂದೊಂದು ಅಕ್ಷರ ಒಂದೊಂದು ರೊಟ್ಟಿಯಷ್ಟು ದೊಡ್ಡದು. ನನ್ನ ಹೆಸರು. ಎಲ್ಲಿಂದ ಬಂದರು ಎಂಬಲ್ಲಿ, ಕೆಳಗಿಂದ. ಯಾಕೆ ಬಂದರು ಎಂಬಲ್ಲಿ, ಸುಮ್ನ.

ಹೋಗುವ ದಿನ ಎಂಬಲ್ಲಿ ಪೆನ್ನು ನಿಂತಿತು. ಅತ್ತೆ ಬೇವಿನ ಗಿಡದ ಕಡೆ ನೋಡಿದಳು, ತುಟಿಯಲ್ಲೇ ಅಕ್ಷರ ಕೂಡಿಸಿಕೊಂಡಳು, ಆಮೇಲೆ ಬಾಗಿ ನಿಧಾನವಾಗಿ ಬರೆದಳು. ಪಂಚಮಿ ಆದ ಮ್ಯಾಲ.

ಯಾವ ವರ್ಷದ ಪಂಚಮಿ ಎಂದು ನಾನು ಕೇಳಲಿಲ್ಲ.